ಎರಡೂ ಕೈಲೆ ಹೊಡಿಯೂ ಮಾಸ್ತರ

ಹೊಡೆಯುವ ಮಾಸ್ತರನ ಮೇಲೆ ದೂರು ಬರುವುದನ್ನು ನೀವು ಕೇಳಿರಬೇಕು. ನನ್ನ ಮೇಲೆ ಬರುತ್ತಿದ್ದದ್ದು ‘ಹೊಡೆಯುವುದಿಲ್ಲ’ ಎಂಬ ದೂರು. ಬೆತ್ತ ಕೆಳಗಿಟ್ಟವನಿಗೆ ಇಂಥ ಪ್ರಸಂಗಗಳು ಒಂದಾದ ಮೇಲೊಂದು ಗಂಟು ಬೀಳುತ್ತಲೇ ಇರುತ್ತವೆ. ಪ್ರತಿ ಸಲವೂ ದಂಗಾಗಿ ಬಾಯಿ ತೆರೆದು ನಿಂತವನು ನಾನೇ.

ಆಗಿನ್ನೂ ನಮ್ಮ ಕಡೆ ಮುಂಬಯಿ ರಾಜ್ಯ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬನಹಟ್ಟಿಯ ನೇಕಾರರ ಓಣಿಯ ಶಾಲೆಗೆ ಬಂದೆ. ಕಲಿಸಲು ಮೂರನೇ ಇಯತ್ತೆಯ ವರ್ಗ ಕೊಟ್ಟರು, ಜೊತೆಗೊಂದು ಬೆತ್ತವನ್ನೂ ಕೊಟ್ಟರು. ಹಿಂದಿನ ದಿನ ಅದೇ ಬೆತ್ತದ ಏಟು ತಿಂದ ಹುಡುಗಿಯೊಬ್ಬಳು ಪಾಟಿ-ಬಳಪ ಹಿಡಿಯಲಾರದೆ, ಬಾತ ಅಂಗೈಗೆ ಉಫ್ ಎಂದು ಊದುತ್ತ ಕೂತಿದ್ದಳು. ಅದನ್ನು ನೋಡಿದವನೇ ಬೆತ್ತವನ್ನು ಒಯ್ದು ಹೆಡ್ ಮಾಸ್ತರರ ಮೇಜಿನ ಮೇಲೆ ಇಟ್ಟೆ.

ಅವರು ನನ್ನನ್ನು ಜ್ವರ ಬಂದವನನ್ನು ನೋಡಿದಂತೆ ನೋಡಿದರು. “ದಿಪೋಟಿ ಸಾಹೇಬ್ರು ಜಮಖಂಡಿಯಿಂದ ಸಾಲಿ ತಪಾಸಣಿಗೆ ಬರೂತನಾ ನಿಮ್ಮಾಟ ನಡೀಲಿ. ಅವತ್ತ ನಿಮ್ಮ ವರ್ಗ ಕೆಟ್ಟಿತ್ತಂದ್ರ, ಒಂದು ಬೆತ್ತ ಹಿಡೀರಿ, ಇಲ್ಲಾ ಈ ಸಾಲಿ ಬಿಡ್ರಿ” ಎಂದರು. ಶಾಲೆ ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ. ಹಿಡಿಯಲು ಮನಸ್ಸೂ ಇರಲಿಲ್ಲ.

ಖಾಲಿ ಬೆನ್ನು

ವಾರದೊಳಗೆ ಗಂಡಹೆಂಡತಿ ಇಬ್ಬರು ಶಾಲೆಯ ಬಾಗಿಲಿಗೆ ಬಂದರು. ಹೆಂಡತಿಯ ಕಣ್ಣಲ್ಲಿ ನೀರು.

“ನಮ್ಮ ಮಗನ ಮ್ಯಾಲೆ ನಿಮಗೇನ್ರಿ ಸಿಟ್ಟು?”

“ಸಿಟ್ಟೇನಿಲ್ಲವಾ, ಯಾಕ?”

“ಮತ್ತ್ಯಾಕ ಹೊಡೀವಲ್ರಿ? ಬಾಜೂ ಮನಿ ಹುಡುಗ ನಾಕನೇ ಇಯತ್ತಾ. ದಿನಾ ಕೈ ಕೆಂಪ ಮಾಡ್ಕೊಂಡ ಬರ್ತಾನ. ನಮ್ಮಂವ ನಕ್ಕೋತ ಬರ್ತಾನ! ಓಣ್ಯಾಗ ಮಾರಿ ತೋರಸೂದ ಹೆಂಗ್ರಿ?”

ಗಂಡ ಸಮಾಧಾನದ ಮನುಷ್ಯ. “ಹೊಡೀರಿ, ಆದ್ರ ಎಡಗೈಗೆ ಹೊಡೀರಿ. ಬಲಗೈಲೆ ರಾಟಿ ತಿರುವಬೇಕು” ಎಂದ. ಮಗ್ಗದ ಲಾಳಿಗೆ ಬೇಕಾದ ಕಂಡಿಕೆಗೆ ರಾಟಿಯಲ್ಲಿ ನೂಲು ಸುತ್ತುವುದು ಅಲ್ಲಿ ಮಕ್ಕಳ ಪಾಲಿನ ಕೆಲಸ.

“ಎಡಗೈ ಹೋದ್ರ ನೂಲು ಹಿಡಿಯಾಂವ ಯಾರು, ನೀ ಹಿಡೀತಿ ಏನು?” ಎಂದು ಹೆಂಡತಿ ತಿರುಗಿಬಿದ್ದಳು. ನನ್ನೆದುರೇ ಜಗಳ ಹತ್ತಿತು. ಎರಡೂ ಕೈ ಉಳಿದವಲ್ಲ, ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಇಬ್ಬರೂ ರಾಜಿಯಾಗಿ ಗುಸುಗುಸು ಮುಗಿಸಿ ನನ್ನ ಕಡೆ ತಿರುಗಿದರು.

“ಮಾಸ್ತರ, ಬೆನ್ನಿಗೇನ್ ಕೆಲಸಿಲ್ರಿ. ಅಲ್ಲಿ ಹೊಡೀರಿ.”

ತಡವಾದವರ ಕತೆ

ತಡವಾಗಿ ಬಂದವರಿಗೆ ಪಕ್ಕದ ವರ್ಗಗಳಲ್ಲಿ ಬೆತ್ತ ಬೀಳುತ್ತಿತ್ತು. ನಾನೊಂದು ಹೊಸ ಉಪಾಯ ಹೂಡಿದೆ. ತಡವಾದವರು ಎಲ್ಲರ ಮುಂದೆ ನಿಂತು ಒಂದು ಕತೆ ಹೇಳಬೇಕು. ನಾಚಿಕೆಯಿಂದ ಸುಧಾರಿಸುತ್ತಾರೆ ಎಂಬುದು ನನ್ನ ಲೆಕ್ಕ.

ಮರುದಿನ ಹೋಗಿ ನೋಡುತ್ತೇನೆ, ವರ್ಗದಲ್ಲಿ ಒಂದು ನರಪಿಳ್ಳೆಯೂ ಇಲ್ಲ! ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ಮೀಸೆಯಡಿ ನಗುತ್ತಿದ್ದರು. ಹೊರಗೆ ಬಂದು ಹುಡುಕಿದರೆ ಇಡೀ ಮೂರನೇ ಇಯತ್ತೆ ಬೇವಿನ ಗಿಡದ ಹಿಂದೆ ಅಡಗಿ, “ನೀ ಮೊದಲ ಹೋಗ್ಲೇ,” “ನೀ ಹೋಗ್ಲೇ” ಎಂದು ಒಬ್ಬರನ್ನೊಬ್ಬರು ದಬ್ಬುತ್ತಿದೆ. ತಡವಾಗಿ ಹೋಗಿ ಕತೆ ಹೇಳುವ ಆಸೆ ಎಲ್ಲರಿಗೂ!

ಅಂದೇ ನಿಯಮವನ್ನು ತಿರುವಿಹಾಕಿದೆ. ಇನ್ನು ಮೇಲೆ ಮೊದಲು ಬಂದವರೇ ಕತೆ ಹೇಳಬೇಕು. ಮಾರನೆಯ ದಿನ ಕೋಳಿ ಕೂಗುವ ಮುಂಚೆ ನನ್ನ ಬಾಡಿಗೆ ಖೋಲಿಯ ಬಾಗಿಲನ್ನು ಯಾರೋ ದಬದಬ ಬಡಿದರು. ಊರಲ್ಲಿ ಏನು ಅನಾಹುತವಾಯಿತೋ ಎಂದು ಎದ್ದು ಓಡಿದೆ. ಹೊರಗೆ ನನ್ನ ವರ್ಗ ನಿಂತಿತ್ತು.

“ಸಾಲಿ ಕೀಲಿ ಕೊಡ್ರಿ ಮಾಸ್ತರ. ನೀವ ಮಲ್ಕೊರಿ, ಹಿಂದಿಂದ ಬರ್ರಿ.”

ಸಾಹೇಬರ ತಪಾಸಣೆ

ಕೊನೆಗೆ ದಿಪೋಟಿ ಸಾಹೇಬರು ಬಂದರು. ಎಲ್ಲೋ ಒಂದು ಶಾಲೆಯಲ್ಲಿ ಏಟಿಗೆ ಮಗುವೊಂದರ ಬೆರಳು ಮುರಿದದ್ದನ್ನು ನೋಡಿ, ಉರಿಯುತ್ತಲೇ ಬಂದಿದ್ದರಂತೆ. ಅದು ನಮಗೇನು ಗೊತ್ತು? ಹೆಡ್ ಮಾಸ್ತರರು ಬೆತ್ತಕ್ಕೆ ಎಣ್ಣೆ ಸವರಿಕೊಂಡು ನನ್ನ ವರ್ಗದ ಬಾಗಿಲಲ್ಲಿ ಅವರ ಹಿಂದೆಯೇ ನಿಂತರು.

ಸಾಹೇಬರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. “ಅಂಜಬ್ಯಾಡವಾ. ನಿಮ್ಮ ಮಾಸ್ತರು ಹೊಡೀತಾರೇನು?”

“ಹೊಡೀತಾರ್ರಿ!”

ಇಡೀ ವರ್ಗ ದನಿಗೂಡಿಸಿತು, “ಭಾಳ ಹೊಡೀತಾರ್ರಿ!”

ಒಂದು ಮಗುವಿಗೂ ಬೆರಳು ತಾಕಿಸಿದವನಲ್ಲ ನಾನು. ಸಾಹೇಬರ ಮುಖ ಕೆಂಪಾದದ್ದು ಕಂಡು ಹೆಡ್ ಮಾಸ್ತರರ ಬೆತ್ತ ಮೆಲ್ಲಗೆ ಬೆನ್ನ ಹಿಂದೆ ಸರಿಯಿತು.

“ಪಾಠ ತಪ್ಪ ಹೇಳಿದ್ರ ಹೊಡೀತಾರ?”

“ಇಲ್ರಿ. ತಪ್ಪ ಹೇಳಿದ್ರ ಮತ್ತೊಮ್ಮೆ ಹೇಳಸ್ತಾರ್ರಿ. ಬರೋಬ್ಬರಿ ಹೇಳಿದ್ರ ಹೊಡೀತಾರ್ರಿ.”

ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. “ಬರೋಬ್ಬರಿ ಹೇಳಿದವರಿಗೆ? ಎದರಲೆ?”

“ಎರಡೂ ಕೈಲೆ ರೀ. ಆಮ್ಯಾಲೆ ನಮ್ಮ ಕಡಿಂದನೂ ಹೊಡಸ್ತಾರ್ರಿ.”

“ಏನ್ರೀ ಮಾಸ್ತರ, ಮಕ್ಕಳ ಕೈಲೆ ಮಕ್ಕಳಿಗೆ ಹೊಡಸ್ತೀರಿ?” ಎಂದು ಸಾಹೇಬರು ಗುಡುಗಿದರು. ನೌಕರಿ ಹೋಯಿತು, ಮಾನವೂ ಹೋಯಿತು ಅಂದುಕೊಂಡೆ.

“ಅಲ್ಲವಾ ತಂಗಿ, ಏನ ಹೊಡೀತಾರ ಅದನ್ನರ ಬಿಡಿಸಿ ಹೇಳು” ಎಂದು ಸಾಹೇಬರು ಹುಡುಗಿಯನ್ನೇ ಮತ್ತೆ ಕೇಳಿದರು.

“ಚಪ್ಪಾಳಿ ರೀ!”

ಸಾಹೇಬರು ನಕ್ಕರು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆ ಹುಡುಗಿಯಿಂದ ಹನ್ನೆರಡರ ಮಗ್ಗಿ ಹೇಳಿಸಿ, ತಾವೂ ಚಪ್ಪಾಳೆ ಹೊಡೆದರು. “ಇಂಥಾ ಹೊಡತ ಎಲ್ಲಾ ಸಾಲ್ಯಾಗೂ ಬೀಳಬೇಕು. ಈ ಮಾಸ್ತರು ಇಲ್ಲೇ ಇರಲಿ” ಎಂದವರು ಹೆಡ್ ಮಾಸ್ತರರ ಕಡೆ ತಿರುಗಿದರು.

“ನೀವೇನ ಹೊಡೀತೀರಿ?”

“ನಾನೂ… ಅದನ್ನ ರೀ, ಸಾಹೇಬ್ರ.”

“ಛಲೋ ಆತು. ಹಂಗಾರ ಈ ಹುಡುಗಿಗೊಂದು ಹೊಡೀರಿ, ನೋಡೂಣು.”

ಒಂದು ಕೈ ಬೆನ್ನ ಹಿಂದೆ. ಹೆಡ್ ಮಾಸ್ತರರು ಇನ್ನೊಂದರಿಂದ ತಮ್ಮ ತೊಡೆ ತಟ್ಟಿದರು, ಎದೆ ತಟ್ಟಿದರು, ಕೊನೆಗೆ ಗೋಡೆಯನ್ನೂ ತಟ್ಟಿ ನೋಡಿದರು. ಹುಡುಗಿಗೆ ಕನಿಕರ ಬಂದಿರಬೇಕು.

“ಹಂಗಲ್ರಿ ಹೆಡ್ ಮಾಸ್ತರ” ಎಂದಳು. “ಮೊದಲ ಆ ಬೆತ್ತ ಕೆಳಗಿಡ್ರಿ.”