ಮೊದಲು ಬೈಗುಳ, ಆಮೇಲೆ ರಿಪೇರಿ

ನನ್ನ ಕೈಗೆ ಸಿಕ್ಕ ಮಷಿನ್ನು ರಿಪೇರಿಯಾಗದೆ ಹಿಂದಿರುಗಿದ ಚರಿತ್ರೆಯೇ ಇಲ್ಲ! ವಾಷಿಂಗ್ ಮಷಿನ್ನು, ಫ್ರಿಜ್ಜು, ಮಿಕ್ಸಿ, ನೀರಿನ ಪಂಪು, ಏನೇ ಬರಲಿ, ನನ್ನ ಸ್ಕ್ರೂಡ್ರೈವರ್ ಕಂಡರೆ ಅರ್ಧ ರಿಪೇರಿ ಹೆದರಿಕೆಗೇ ಆಗಿಬಿಡುತ್ತದೆ. ಅಂಥಾ ನಾನು, ಎದೆಯೊಳಗಿನ ಮುಷ್ಟಿಗಾತ್ರದ ಒಂದು ಪಂಪು ತಾಳ ತಪ್ಪಿತು ಅಂತ ಜೀವನಪೂರ್ತಿ ಮಾತ್ರೆ ನುಂಗುತ್ತಾ ಕೂರಬೇಕೇ? ಛೆ! ನನ್ನ ಪಂಪನ್ನು ನಾನೇ ಸರಿಮಾಡಿಕೊಳ್ಳುತ್ತೇನೆ ಎಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ಘನಘೋರ ಪ್ರತಿಜ್ಞೆ ಮಾಡಿದೆ. ಸ್ಟೂಲಿನ ಒಂದು ಕಾಲು ಕುಂಟು. ಆದರೂ ಪ್ರತಿಜ್ಞೆ ಗಟ್ಟಿಯಾಗೇ ಇತ್ತು.

ವಿಷಯ ಇಷ್ಟೇ. ನನ್ನ ಹೃದಯಕ್ಕೆ ಅಡ್ಡಾದಿಡ್ಡಿ ಬಡಿಯುವ ಚಾಳಿ. ಒಮ್ಮೆ ಬಸ್ಸು ತಪ್ಪಿಸಿಕೊಂಡವನ ಹಾಗೆ ಓಡುತ್ತದೆ, ಒಮ್ಮೆ ಬಸ್ಸಿಗೆ ಕಾಯುವವನ ಹಾಗೆ ನಿಲ್ಲುತ್ತದೆ. ಹೃದಯದ ಡಾಕ್ಟರಮ್ಮ ಎರಡು ಮಾತ್ರೆ ಬರೆದುಕೊಟ್ಟಿದ್ದರು. ಒಂದು ಓಟಕ್ಕೆ ಲಗಾಮು ಹಾಕಲು, ಇನ್ನೊಂದು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಲು.

“ಎಷ್ಟು ದಿನ ತಗೋಬೇಕು ಮೇಡಂ?”

“ಇರೋವರೆಗೂ.”

ಆ ಒಂದು ಮಾತು ನನ್ನ ಸ್ವಾಭಿಮಾನಕ್ಕೆ ನಾಟಿತು. ದಿನಾ ಉಪಚಾರ ಕೇಳುವ ಮಷಿನ್ನನ್ನು ‘ರಿಪೇರಿಯಾಯಿತು’ ಅಂತ ಯಾವ ಮೆಕ್ಯಾನಿಕ್ಕಾದರೂ ಹೇಳುತ್ತಾನೆಯೇ? ನಾನು ಹಾಗೆ ಹೇಳಿದರೆ ಗಿರಾಕಿಗಳು ನನ್ನ ಅಂಗಡಿಗೆ ಬೀಗ ಹಾಕಿಸುತ್ತಿದ್ದರು!

ಸರಿಯಾಗಿ ಆ ಹೊತ್ತಿಗೇ ವಕ್ಕರಿಸಿದ, ನನ್ನ ಭಾವಮೈದುನ. ಹೆಂಡತಿಯ ಒಬ್ಬನೇ ತಮ್ಮ. ಮೊದಲು ನೀರಿನ ಫಿಲ್ಟರ್ ಮಾರುತ್ತಿದ್ದ, ಆಮೇಲೆ ಹಾಸಿಗೆ ಮಾರಿದ, ಈಗ ಆರೋಗ್ಯವನ್ನೇ ಮಾರುತ್ತಿದ್ದಾನೆ.

“ಭಾವ, ಇದು ಮೀನೆಣ್ಣೆ ಕ್ಯಾಪ್ಸೂಲು. ಇದು ಬೆಳ್ಳುಳ್ಳಿ ಸಾರ. ಇದು ಮೆಗ್ನೀಷಿಯಂ ಪುಡಿ. ಎಲ್ಲಾ ಪ್ರಕೃತಿ! ಕೆಮಿಕಲ್ ಅನ್ನೋದು ಹೆಸರಿಗೂ ಇಲ್ಲ.”

“ಮೆಗ್ನೀಷಿಯಂ ಕೆಮಿಕಲ್ ಅಲ್ವೇನೋ?”

“ಡಬ್ಬಿ ಮೇಲೆ ಎಲೆ ಚಿತ್ರ ಇದೆ ನೋಡಿ ಭಾವ!”

ನೋಡಿದೆ. ಎಲೆ ಇತ್ತು. ಹಸಿರಾಗೇ ಇತ್ತು. ಅಲ್ಲಿಗೆ ವಾದ ಮುಗಿಯಿತು.

ಒಳಗಿನಿಂದ ನನ್ನವಳು ಸೌಟು ಹಿಡಿದೇ ಬಂದಳು. “ರೀ, ಇವನು ಮಾರಿದ ಫಿಲ್ಟರಿಗೆ ನೀರು ಹೋಗಿದ್ದು ನೋಡಿದ್ದೀನಿ, ಈಚೆ ಬಂದಿದ್ದು ನೋಡಿಲ್ಲ. ಇವನ ಮಾತು ಕಟ್ಕೊಂಡು ಮಾತ್ರೆಗೀತ್ರೆ ಬಿಟ್ಟೀರಿ, ಹುಷಾರ್!”

“ನಾನ್ಯಾಕೆ ಬಿಡ್ಲಿ ಮಾರಾಯ್ತಿ? ಇದೂ ಅದೂ ಎರಡೂ ತಗೋತೀನಿ.”

ಇದು ಅಪ್ಪಟ ಸುಳ್ಳು. ಅವಳಿಗೂ ಅನುಮಾನ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಕೈಲಿ ಮಾತ್ರೆ, ಇನ್ನೊಂದು ಕೈಲಿ ನೀರು ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ನಾನು ಮಾತ್ರೆಗಳನ್ನು ದವಡೆಗೆ ಒತ್ತರಿಸಿ, ಗಟಗಟ ನೀರು ಕುಡಿದು, ‘ಆ’ ಎಂದು ಬಾಯಿ ತೋರಿಸಿ, ಮನೆ ಮುಂದಿನ ಅಂಗಡಿಗೆ ಓಡಿ ಉಗುಳಿ, ಒರೆಸಿ, ವಾಷರ್ ಡಬ್ಬಿಗೆ ಹಾಕುತ್ತಿದ್ದೆ. ಬಿಸಾಡಬಹುದಿತ್ತಲ್ಲ ಅಂತೀರಾ? ಮೆಕ್ಯಾನಿಕ್ಕಾದವನು ಬಿಡಿಭಾಗ ಬಿಸಾಡುವುದಿಲ್ಲ ಸ್ವಾಮಿ!

ಪ್ರಕೃತಿ ತನ್ನ ಕೆಲಸ ಶುರುಮಾಡಿತು. ಮೀನೆಣ್ಣೆಯಿಂದ ನನಗೆ ಬರುತ್ತಿದ್ದ ತೇಗು ಸಾಮಾನ್ಯದ್ದಲ್ಲ. ಒಂದು ತೇಗಿಗೆ ಬೀದಿಯ ಬೆಕ್ಕುಗಳೆಲ್ಲ ಅಂಗಡಿ ಮುಂದೆ ಹಾಜರ್! ಬೆಳ್ಳುಳ್ಳಿ ಸಾರಕ್ಕೆ ಗಿರಾಕಿಗಳು ನಾಲ್ಕು ಮಾರು ದೂರ ನಿಂತು ಮಾತಾಡತೊಡಗಿದರು. ಮೆಗ್ನೀಷಿಯಂ ಪುಡಿಯಂತೂ ಹೃದಯದ ದಾರಿ ಬಿಟ್ಟು ನೇರ ಹೊಟ್ಟೆಗೇ ಇಳಿಯಿತು. ಗಿರಾಕಿಯೊಬ್ಬರ ಮನೆಯ ಫ್ರಿಜ್ಜು ನೋಡಲು ಹೋದವನು, ಫ್ರಿಜ್ಜಿಗಿಂತ ಅವರ ಬಚ್ಚಲ ಬಾಗಿಲನ್ನೇ ಹೆಚ್ಚು ಸಲ ತೆಗೆದು ಹಾಕಿ ಬಂದೆ.

“ಕೊಳೆಯೆಲ್ಲ ಹೊರಗೆ ಹೋಗ್ತಿದೆ ಭಾವ, ಒಳ್ಳೇ ಲಕ್ಷಣ!” ಎಂದ ಭಾವಮೈದುನ.

ನಾನೂ ನಂಬಿದೆ. ಎದೆ ಆಗಾಗ ಪಟಪಟ ಅನ್ನುತ್ತಿತ್ತು ನಿಜ. ಹೊಸ ಪಾರ್ಟು ಕೂತುಕೊಳ್ಳಲು ಸ್ವಲ್ಪ ಸಮಯ ಬೇಕಲ್ಲವೇ!

ಹೀಗಿರುವಾಗ ಡಾಕ್ಟರಮ್ಮನಿಂದಲೇ ಫೋನು. “ನಮ್ಮನೆ ವಾಷಿಂಗ್ ಮಷಿನ್ ಕೆಟ್ಟಿದೆ. ಇವತ್ತು ನನಗೆ ರಜ, ಬಂದು ನೋಡ್ತೀರಾ?”

ನನಗಾದ ಆನಂದ ಹೇಳತೀರದು. ನನ್ನ ಅಂಗಡಿಯಲ್ಲಿ ಒಂದು ಬೋರ್ಡಿದೆ. ‘ನೀವೇ ಕೈ ಹಾಕಿ ಕೆಡಿಸಿದ ಮಷಿನ್ನಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ.’ ನನ್ನ ಕೈಯಲ್ಲಿ ಬೈಸಿಕೊಳ್ಳದ ದೊಡ್ಡಮನುಷ್ಯರಿಲ್ಲ. ಚೀಲ ಹೆಗಲಿಗೇರಿಸಿ ಹೊರಟೆ.

ಅವರ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮಷಿನ್ನು ಹೊಟ್ಟೆ ತುಂಬಾ ನೀರು ತುಂಬಿಕೊಂಡು ಕೂತಿತ್ತು. ತಿರುಗಲು ಹೊರಡುತ್ತದೆ, ನಿಲ್ಲುತ್ತದೆ, ಗುರ್ ಅನ್ನುತ್ತದೆ, ಮತ್ತೆ ಹೊರಡುತ್ತದೆ. ನೀರು ಹೊರಹಾಕುವ ಪಂಪಿನದೇ ತಕರಾರು. ಬಗ್ಗಿ ಮೂಸಿದೆ. ನಿಂಬೆಹಣ್ಣಿನ ವಾಸನೆ!

“ಇದಕ್ಕೆ ಯಾರು ಕೈ ಹಾಕಿದ್ದು?” ಗುಡುಗಿದೆ.

ಡಾಕ್ಟರಮ್ಮ ಸೆರಗಿನ ತುದಿ ಹಿಡಿದುಕೊಂಡರು. “ಅದು… ಯಾವುದೋ ವಿಡಿಯೋ ನೋಡಿ ನಿಂಬೆರಸ, ಸೋಡಾಪುಡಿ ಹಾಕಿದ್ದೆ. ನ್ಯಾಚುರಲ್ ಅಲ್ವಾ, ಏನಾಗುತ್ತೆ ಅಂತ…”

“ಮೇಡಂ! ನ್ಯಾಚುರಲ್ ಅಂದ ಮಾತ್ರಕ್ಕೆ ಪಂಪಿಗೆ ಒಗ್ಗಿಬಿಡುತ್ತಾ? ಈ ಮಷಿನ್ ಬಗ್ಗೆ ಓದಿ ತಿಳ್ಕೊಂಡೋರೇನು ದಡ್ಡರಾ? ಸದ್ದು ಬದಲಾದ ದಿನವೇ ನನ್ನನ್ನ ಕೇಳ್ಬೇಕಿತ್ತೋ ಬೇಡ್ವೋ? ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕೋದು, ಕೆಟ್ಟು ಕೆರ ಹಿಡಿದ ಮೇಲೆ ನಮ್ಮ ಹತ್ರ ಓಡಿ ಬರೋದು!”

ಊರವರಿಗೆಲ್ಲ ಬುದ್ಧಿ ಹೇಳುವ ಡಾಕ್ಟರಮ್ಮ ನನ್ನೆದುರು ತಲೆ ತಗ್ಗಿಸಿ ನಿಂತಿದ್ದರು! ಇನ್ನೂ ನಾಲ್ಕು ಮಾತು ಬಿಗಿಯೋಣವೆಂದು ಎದೆಯುಬ್ಬಿಸಿದೆ ನೋಡಿ, ಆ ಎದೆಯೊಳಗೇ ಯಾರೋ ಮೂಟೆ ಬಿಚ್ಚಿ ಆಲೂಗಡ್ಡೆ ಸುರಿದ ಹಾಗೆ ದಡದಡದಡ! ಕಣ್ಣು ಕತ್ತಲೆ ಬಂತು. ಆಸರೆಗೆ ಚೀಲ ಹಿಡಿದೆ, ಚೀಲವೂ ನನ್ನ ಜೊತೆಗೇ ಬಂತು. ಧೊಪ್ಪೆಂದು ಕೂತೆ. ಚೀಲದೊಳಗಿನ ವಾಷರ್ ಡಬ್ಬಿಯ ಮುಚ್ಚಳ ಹಾರಿ, ಕೋಣೆ ತುಂಬಾ ಸ್ಕ್ರೂ, ವಾಷರ್ರು, ನಟ್ಟು, ಅವುಗಳ ನಡುವೆ ಬಿಳಿ ಮಾತ್ರೆ, ಗುಲಾಬಿ ಮಾತ್ರೆ ಚೆಲ್ಲಾಪಿಲ್ಲಿ.

ಡಾಕ್ಟರಮ್ಮ ಒಂದು ಕೈಲಿ ನನ್ನ ನಾಡಿ ಹಿಡಿದರು. ಅವರ ಬೆಕ್ಕು ಓಡಿಬಂದು ಪರಮಪ್ರೀತಿಯಿಂದ ನನ್ನ ಬಾಯಿ ನೆಕ್ಕತೊಡಗಿತು. ಇನ್ನೊಂದು ಕೈಲಿ ಅವರು ನೆಲದಿಂದ ಒಂದು ಗುಲಾಬಿ ಬಣ್ಣದ್ದನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು.

“ಇದು ಯಾವ ಮಷಿನ್ನಿನ ಪಾರ್ಟು?”

“ವಾ… ವಾಷರ್ರು ಮೇಡಂ.”

“ನಾನು ಬರೆದುಕೊಟ್ಟ ವಾಷರ್ರಾ?”

ಬೆಕ್ಕು ಕೂಡ ನೆಕ್ಕುವುದು ನಿಲ್ಲಿಸಿತು.

“ಇದಕ್ಕೆ ಯಾರು ಕೈ ಹಾಕಿದ್ದು?” ಎಂದರು, ನನ್ನ ಎದೆ ಕಡೆ ಬೆರಳು ಮಾಡಿ.

ಆಸ್ಪತ್ರೆಯಲ್ಲಿ ನನ್ನ ಮೈಗೆ ಅಂಟಿಸಿದ ವೈರುಗಳನ್ನು ನೋಡಿದರೆ, ನಾನು ಬಿಚ್ಚಿಟ್ಟ ಯಾವ ಮಷಿನ್ನಿಗೂ ಅಷ್ಟು ವೈರಿರಲಿಲ್ಲ. ಓಡುತ್ತಿದ್ದ ಎದೆಯನ್ನು ಔಷಧಿ ಹಾಕಿ ನಿಧಾನಕ್ಕೆ ದಾರಿಗೆ ತಂದರು. ಎಲೆ ಚಿತ್ರದ ಡಬ್ಬಿಗಳ ಕಥೆಯನ್ನೆಲ್ಲ ನನ್ನ ಬಾಯಿಂದಲೇ ಹೊರಡಿಸಿ, ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

“ರಿಪೇರಿ ಸ್ವಲ್ಪ ಆಯ್ತು. ನಿಮ್ಮ ಅಂಗಡಿ ಬೋರ್ಡಿನ ಪ್ರಕಾರ ಬೈಗುಳ ಮೊದಲು ಆಗಬೇಕಿತ್ತು, ತಡವಾಯ್ತು. ನ್ಯಾಚುರಲ್ ಅಂದ ಮಾತ್ರಕ್ಕೆ ಪಂಪಿಗೆ ಒಗ್ಗಿಬಿಡುತ್ತಾ? ಓದಿ ತಿಳ್ಕೊಂಡೋರೇನು ದಡ್ಡರಾ? ಏನಾದ್ರೂ ತಗೋಬೇಕು ಅನ್ನಿಸಿದ್ರೆ ಮೊದಲು ನನ್ನನ್ನ ಕೇಳ್ಬೇಕಿತ್ತೋ ಬೇಡ್ವೋ? ಮಾತ್ರೆ ಬಿಟ್ಟು ಕೂತಿದ್ರಲ್ಲ, ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿದ್ರೆ ಬಲಗೈ ಎತ್ತೋಕೂ ಆಗ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿಯೋದು ಆ ಕಡೆ ಇರಲಿ!”

ನಾನು ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ. ನಿಜ ಹೇಳುತ್ತೇನೆ, ಆಗ ಹೆದರಿದೆ. ಆ ಕೈಯೇ ನನ್ನ ಮನೆ, ನನ್ನ ಅಂಗಡಿ, ನನ್ನ ಜಂಬ.

ಅಷ್ಟರಲ್ಲಿ, ವಾಷರ್ ಡಬ್ಬಿಯ ಗುಟ್ಟನ್ನು ಫೋನಿನಲ್ಲೇ ಕೇಳಿ ನನ್ನವಳೂ ಅವಳ ತಮ್ಮನೂ ಓಡಿಬಂದರು. ನನ್ನವಳು ಬೈಯುತ್ತಾಳೆ ಅಂದುಕೊಂಡು ಕಣ್ಣು ಮುಚ್ಚಿದ್ದೆ. ಬೈಯಲಿಲ್ಲ. “ದಿನಾ ಬೆಳಿಗ್ಗೆ ನನ್ನ ಕೈಯಿಂದಲೇ ಇಸ್ಕೊಂಡು, ನನ್ನ ಮುಖ ನೋಡ್ಕೊಂಡೇ ‘ಆ’ ಅಂತ ಬಾಯಿ ತೋರಿಸಿದ್ರಲ್ರೀ… ನಾನೂ ನಂಬಿದ್ನಲ್ಲ,” ಎಂದು ಅತ್ತುಬಿಟ್ಟಳು. ಸೌಟಿನಲ್ಲಿ ಎರಡು ಬಿಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಭಾವಮೈದುನ ಬೆವರು ಒರೆಸಿಕೊಳ್ಳುತ್ತಾ ಸ್ಟೂಲಿನ ಮೇಲೆ ಕುಸಿದು, ಜೇಬಿನಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡ.

“ಏನೋ ಅದು?”

“ಬೀಪಿ ಮಾತ್ರೆ ಭಾವ. ಈ ಗಾಬರಿಯಲ್ಲಿ ಮರೆತೇಬಿಟ್ಟಿದ್ದೆ. ಒಂದು ದಿನವೂ ತಪ್ಪಿಸಬಾರದು ಅಂದಿದ್ದಾರೆ ಡಾಕ್ಟ್ರು.”

“ಮತ್ತೆ ಆ ಎಲೆ ಚಿತ್ರದ ಡಬ್ಬಿಗಳು?”

“ಅವು ಮಾರೋಕೆ ಭಾವ!”

ಅವನ ಅಕ್ಕನ ಅಳು ಥಟ್ಟನೆ ನಿಂತಿತು. ಆಮೇಲೆ ಅವನಿಗೆ ಆದದ್ದನ್ನು ನಾನು ಮಲಗಿದ್ದಲ್ಲಿಂದಲೇ ಮನಸಾರೆ ಸವಿದೆ.

ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮನ ಮನೆಗೆ ಮತ್ತೆ ಹೋದೆ. ರಿಪೇರಿಯಾಗದೆ ಉಳಿದ ಮಷಿನ್ನು ನನ್ನ ಚರಿತ್ರೆಯಲ್ಲೇ ಇಲ್ಲವಲ್ಲ! ಈ ಸಲ ಕಾವಲಿಗೆ ನನ್ನವಳೂ ಕೈಚೀಲ ಹಿಡಿದು ಜೊತೆಗೆ ಬಂದಿದ್ದಳು. ಹಳೇ ಪಂಪು ಬಿಚ್ಚಿ ಹೊಸದು ಕೂರಿಸಿದೆ. ಫಿಲ್ಟರಿನಿಂದ ಹಿಡಿಗಟ್ಟಲೆ ನೂಲು, ಕಸ ತೆಗೆದೆ. ಮಷಿನ್ನು ಜುಂ ಎಂದು ತಿರುಗಿತು. ಹೋದ ಜಂಬವೆಲ್ಲ ಮರಳಿ ಬಂತು. ಕೈ ಒರೆಸಿಕೊಳ್ಳುತ್ತಾ ಗಂಟಲು ಸರಿಮಾಡಿಕೊಂಡೆ.

“ನೋಡಿ ಮೇಡಂ, ರಿಪೇರಿ ಆಯ್ತು ಅಂತ ಮೈಮರೆಯೋ ಹಾಗಿಲ್ಲ. ಈ ಫಿಲ್ಟರನ್ನ ತಪ್ಪದೇ ತೊಳೀತಿರಬೇಕು. ಬಿಟ್ರೆ ಪಂಪು ಮತ್ತೆ ಕೆಡುತ್ತೆ.”

“ಹೌದಾ? ಎಷ್ಟು ದಿನ ತೊಳೀಬೇಕು?”

“ಎಷ್ಟು ದಿನ ಅಂದ್ರೆ? ಮಷಿನ್ ಇರೋವರೆಗೂ!”

ಡಾಕ್ಟರಮ್ಮ ನನ್ನವಳ ಕಡೆ ನೋಡಿದರು, ಅಷ್ಟೇ. ನನ್ನವಳು ಕೈಚೀಲದ ಜಿಪ್ಪೆಳೆದು, ಮಾತ್ರೆ, ನೀರಿನ ಬಾಟ್ಲಿ ತೆಗೆದು ನನ್ನೆದುರು ಬಂದು ನಿಂತಳು.

“ಕೇಳಿಸ್ತಲ್ಲ, ಮೆಕ್ಯಾನಿಕ್ ಹೇಳಿದ್ದು? ಬಾಯಿ ತೆಗೀರಿ!”

ತೆಗೆದೆ. ನುಂಗಿದೆ. ಯಾರೂ ಕೇಳದಿದ್ದರೂ ನಾಲಿಗೆ ಎತ್ತಿ, ಎರಡೂ ದವಡೆ ತೋರಿಸಿದೆ.