ವಾಪಸ್ ಹೋಗದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ಕಂಡರೆ ಬೆಳ್ಳೂರಿನ ಅರ್ಧ ಜನ ರಸ್ತೆ ದಾಟಿ ಆಚೆ ಹೋಗುತ್ತಾರೆ. ಉಳಿದರ್ಧ ಜನಕ್ಕೆ ದಾಟಲು ಪುರುಸೊತ್ತಾಗುವುದಿಲ್ಲ, ಅಷ್ಟರಲ್ಲಿ ಆಕೆಯೇ ದಾಟಿ ಬಂದಿರುತ್ತಾಳೆ!

ಹಾಗೆಂದು ಆಕೆ ಜಗಳಗಂಟಿಯೇನೂ ಅಲ್ಲ. ಚಿಕ್ಕಪ್ಪ ತೀರಿಕೊಂಡ ಮರುವರ್ಷ ಕುವೈತಿನ ಒಂದು ಮನೆಗೆ ಅಡುಗೆ ಕೆಲಸಕ್ಕೆ ಹೋದವಳು, ಇಪ್ಪತ್ತೆರಡು ವರ್ಷ ಅಲ್ಲಿದ್ದು, ಕಳೆದ ವರ್ಷ ನಮ್ಮ ಮನೆಗೆ ಬಂದಳು. ಬಂದವಳು ಬಂದೇಬಿಟ್ಟಳು. ಊರಿಗೆ ಅರ್ಥವಾಗದ್ದು ಅದೇ. ಗಲ್ಫಿನಿಂದ ಬಂದವರು ಒಂದು ತಿಂಗಳು ಅತ್ತರು ಪೂಸಿಕೊಂಡು ಓಡಾಡಿ ಮತ್ತೆ ವಿಮಾನ ಹತ್ತಬೇಕೆಂಬುದು ನಮ್ಮಲ್ಲಿ ಯಾರೂ ಬರೆಯದ ಕಾನೂನು.

"ಯಾವಾಗ ಬಂದದ್ದು? ವಾಪಸ್ ಯಾವಾಗ?" ಈ ಎರಡು ಪ್ರಶ್ನೆಗಳ ನಡುವೆ ಉಸಿರೆಳೆಯುವಷ್ಟೂ ಜಾಗವಿರುವುದಿಲ್ಲ. ಬದಿಯಡ್ಕದ ಬಸ್ಸಿನಲ್ಲಿ ಎಂಬತ್ತು ದಾಟಿದ ನಿವೃತ್ತ ಮಾಷ್ಟ್ರೊಬ್ಬರು ಮೂರನೇ ಸಲ ಕೇಳಿದಾಗ ಚಿಕ್ಕಮ್ಮ ಬಹಳ ನಯವಾಗಿ ತಿರುಗಿದಳು.

"ನೀವು ಯಾವಾಗ ಹೋಗುವುದು ಮಾಷ್ಟ್ರೇ?"

"ನಾನಾ? ಎಲ್ಲಿಗೆ?"

"ನಾನೂ ಅದನ್ನೇ ಕೇಳುವುದು. ಎಲ್ಲಿಗೆ?"

ಮಾಷ್ಟ್ರು ಮುಂದಿನ ಸ್ಟಾಪಿನಲ್ಲೇ ಇಳಿದರು. ಅದು ಅವರ ಸ್ಟಾಪಾಗಿರಲಿಲ್ಲ!

ಆಮೇಲೆ ನೆಂಟರು ಬಂದರು. ಚಹಾ ಕುಡಿದು, ಮೂಲೆಯ ಸೂಟ್‌ಕೇಸಿನ ಕಡೆ ಕಣ್ಣಾಡಿಸಿ, "ಎಂತ ತಂದದ್ದು ಈ ಸಲ?" ಎಂದರು.

"ಇಪ್ಪತ್ತೆರಡು ವರ್ಷ ನಾನು ತಂದೆ. ಇನ್ನು ನೀವು ತನ್ನಿ," ಎಂದಳು ಚಿಕ್ಕಮ್ಮ. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಆದರೆ ನಂಬುತ್ತೀರಾ? ಮರುವಾರ ಒಬ್ಬರು ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದರು!

ನಿಜವಾದ ಯುದ್ಧ ನಡೆದದ್ದು ರೇಷನ್ ಕಾರ್ಡಿನ ಆಫೀಸಿನಲ್ಲಿ. "ಅಕ್ಕಿ ಮನೆಯಲ್ಲಿ ಉಂಟಲ್ಲ ಚಿಕ್ಕಮ್ಮ, ಕಾರ್ಡಿನಲ್ಲಿ ಹೆಸರು ಯಾಕೆ?" ಎಂದು ನಾನು ಕೇಳಿದ್ದೆ. "ಅಕ್ಕಿ ಯಾರಿಗೆ ಬೇಕು ಮಾರಾಯ? ಈ ಊರಿನ ಒಂದು ಕಾಗದದಲ್ಲಿಯೂ ನನ್ನ ಹೆಸರಿಲ್ಲ. ನಾನೇನು ನೆಂಟರ ಪೈಕಿಯಾ?" ಎಂದಿದ್ದಳು.

ನಮ್ಮದು ಕನ್ನಡ ಮಾತಾಡುವ ಗಡಿನಾಡು, ಆಫೀಸಿನ ಭಾಷೆ ಮಾತ್ರ ಮಲಯಾಳ. ಅಲ್ಲಿ ಆಕೆ ಅಚ್ಚ ಮಲಯಾಳದಲ್ಲಿ ಕನ್ನಡದ ಫಾರ್ಮು ಕೇಳಿದಳು. ಗುಮಾಸ್ತರಿಗೆ ಆಶ್ಚರ್ಯ. "ಮಲಯಾಳ ಇಷ್ಟು ಚಂದ ಬರ್ತದಲ್ಲ, ಮತ್ತೆ ಕನ್ನಡ ಯಾಕೆ?"

"ಅರಬಿ ಇದಕ್ಕಿಂತ ಚಂದ ಬರ್ತದೆ. ಅದರಲ್ಲಿ ಕೊಡ್ತೀರಾ?"

ಕನ್ನಡದ ಫಾರ್ಮು ಬಂತು. ಗುಮಾಸ್ತರು ಪೆನ್ನು ಹಿಡಿದು, "ನೀವು ಊರಿಗೆ ಬಂದದ್ದು ತಾತ್ಕಾಲಿಕವಾ, ಸ್ಥಿರವಾ?" ಎಂದರು.

"ನೀವು ಈ ಕುರ್ಚಿಯಲ್ಲಿ ಸ್ಥಿರವಾ?"

"ನನಗೆ ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಉಂಟಮ್ಮ."

"ಹಾಗಾದರೆ ನಿಮಗಿಂತ ನಾನೇ ಸ್ಥಿರ. ಬರೆಯಿರಿ."

ಬರೆದರು! ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಎಂಬ ನಿಯಮವಿರುವುದರಿಂದ, ಅದುವರೆಗೆ ಯಜಮಾನಿಯಾಗಿದ್ದ ನನ್ನ ಹೆಂಡತಿ ರಾಜೀನಾಮೆ ಕೊಡದೆಯೇ ಮಾಜಿಯಾದಳು.

ಮೊದಲ ತಿಂಗಳ ರೇಷನ್ನಿಗೆ ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಳು. ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಇಟ್ಟಳು. ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟಳು. ಇಲ್ಲ. ಬಲಗೈಯ ಐದೂ ಬೆರಳು ಮುಗಿದವು.

"ಫೋನಿಗೆ ನಂಬರ್ ಕಳಿಸುವಾ, ಅದು ಹೇಳಿದರೆ ಸಾಕು," ಎಂದ ಅಂಗಡಿಯವ.

"ನಾನೇ ನಿಂತಿದ್ದೇನಲ್ಲ, ಫೋನು ಯಾಕೆ?" ಎಂದಳು. ಆದರೆ ಧ್ವನಿಯಲ್ಲಿ ಎಂದಿನ ಜೋರಿರಲಿಲ್ಲ. ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ನಾನೂ ನೋಡಿದೆ. ಬೆರಳ ತುದಿಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಉಜ್ಜಿ ಉಜ್ಜಿ ಹೊಳಪಾಗಿದ್ದವು.

"ಎಲ್ಲ ಕುವೈತಿನ ಪಾತ್ರೆಗಳಲ್ಲೇ ಹೋಯಿತು ಮಾರಾಯ," ಎಂದಳು ಮೆಲ್ಲಗೆ.

ಹಿಂದೆ ಸಾಲು ಬೆಳೆದಿತ್ತು. ಯಾರೂ ಗೊಣಗಲಿಲ್ಲ. ಅಂಗಡಿಯವ ತನ್ನ ಹೆಗಲ ಮೇಲಿನ ಬೈರಾಸಿನಿಂದ ಯಂತ್ರದ ಗಾಜು ಒರೆಸಿ, "ಇನ್ನೊಂದು ಕೈ ಉಂಟಲ್ಲ ಅಕ್ಕ, ಇಡಿ," ಎಂದ. ಎಡಗೈಯ ಕಿರುಬೆರಳಿಗೆ ಯಂತ್ರ ಹಸಿರು ದೀಪ ತೋರಿಸಿತು. ಚೀಟಿ ಹೊರಬಂತು. ಅದರಲ್ಲಿ ತನ್ನ ಹೆಸರನ್ನು ಆಕೆ ಎರಡು ಸಲ ಓದಿದಳು.

ದಾರಿಯಲ್ಲಿ ನಾನು ಅಕ್ಕಿಯ ಚೀಲ ಕೇಳಿದೆ. ಕೊಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, ನಾನು ಕೇಳದೆಯೇ, ಇನ್ನೊಂದು ಕೈಯನ್ನು ನನ್ನ ಕೈಗೆ ಕೊಟ್ಟಳು.