ಒರೆಸಿಹೋದ ಆರು ಚೀಟಿಗಳು

ಕಂಪ್ಯೂಟರ್ ಪರವಾನಗಿಯ ನಿಯಮಗಳನ್ನು ಹಗಲಿರುಳು ಕಾಯುತ್ತಿರುವ ಮಾನ್ಯರೇ,

ತಾವೂ, ತಮ್ಮ ಕಚೇರಿಯೂ, ತಮ್ಮ ನಲವತ್ತೆಂಟು ಪುಟಗಳ ನಿಯಮಾವಳಿಯೂ ಕ್ಷೇಮವೆಂದು ನಂಬಿದ್ದೇನೆ. ಅದನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ನಿದ್ದೆ ಬಂತು, ಎರಡನೆಯ ಸಲ ಬಂದ ನಿದ್ದೆಯೂ ಹೋಯಿತು.

ನಾನು ಹಲ್ಲಿನ ಸೆಟ್ ತಯಾರಿಸುವ ಒಂದು ಸಣ್ಣ ಕಾರ್ಯಾಗಾರದ ಗುಮಾಸ್ತ. ನಮ್ಮಲ್ಲಿ ಒಂಬತ್ತು ವರ್ಷದ ಹಿಂದೆ ಕೊಂಡ ಆರು ಕಂಪ್ಯೂಟರುಗಳಿವೆ. ದವಡೆಯ ಅಚ್ಚು ನೋಡಿ ಹಲ್ಲಿನ ಆಕಾರ ಬಿಡಿಸುವ ನಮ್ಮ ಸಾಫ್ಟ್‌ವೇರು ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ಇನ್ನು ಓಡುವುದಿಲ್ಲವೆಂದು ಹಟ ಹಿಡಿದದ್ದರಿಂದ, ಆರಕ್ಕೂ ಒಟ್ಟಿಗೆ ಹೊಸ ಆವೃತ್ತಿ ಹಾಕಿಸೋಣವೆಂದು ತಮ್ಮ ವಾಲ್ಯೂಮ್ ಲೈಸೆನ್ಸಿಗೆ, ಅಂದರೆ ಸಗಟು ಪರವಾನಗಿಗೆ, ಅರ್ಜಿ ಹಾಕಿದೆವು. ಆಗ ತಾವು ದಯಮಾಡಿ ತಿಳಿಸಿದಿರಿ: ಇದು ಹಳೆಯದರಿಂದ ಹೊಸದಕ್ಕೆ ಏರುವವರಿಗೆ ಮಾತ್ರ, ಆದ್ದರಿಂದ ಹಳೆಯದು ಅಸಲಿಯೆಂದು ಸಾರುವ, ಪ್ರತಿ ಯಂತ್ರದ ಬೆನ್ನಿಗಂಟಿಸಿದ ಚೀಟಿಯ ಫೋಟೊ ಬೇಕು.

ಇಲ್ಲಿ ನಮ್ಮ ಅಕ್ಕನ ಪರಿಚಯ ಮಾಡಿಸಬೇಕು. ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಗುಡಿಸಿ ಒರೆಸುವ ಅವರು ಮಾಲೀಕರಿಂದ ಹಿಡಿದು ಅಂಚೆಯವರ ತನಕ ಎಲ್ಲರಿಗೂ ಅಕ್ಕ. ನಮ್ಮಲ್ಲಿ ಪ್ಲಾಸ್ಟರ್ ಪುಡಿ ಹಿಟ್ಟಿನ ಗಿರಣಿಯಲ್ಲಿ ಹಾರುವಂತೆ ಹಾರುತ್ತದೆ. ಪ್ರತಿ ಶನಿವಾರ ಅಕ್ಕ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಆರೂ ಕಂಪ್ಯೂಟರುಗಳ ಮೈ, ಬೆನ್ನು, ಸಂದುಗೊಂದು ಬಿಡದೆ ತಿಕ್ಕಿದ್ದಾರೆ. ತಮ್ಮ ಚೀಟಿಗಳಲ್ಲಿ ಈಗ ಅಕ್ಷರವೊಂದೂ ಇಲ್ಲ. ಫೋಟೊ ಕಳಿಸಿದ್ದೇನೆ, ಇಷ್ಟು ಶುಚಿಯಾದ ಪುರಾವೆಯನ್ನು ಬೇರೆ ಯಾವ ಗ್ರಾಹಕರೂ ತಮಗೆ ಕಳಿಸಿರಲಾರರು.

ಪುರಾವೆ ಇಲ್ಲದಿದ್ದರೆ ಹಳೆಯ ಆವೃತ್ತಿಯನ್ನೇ ಮತ್ತೆ ಕೊಂಡು, ಅದರ ಮೇಲೆ ಹೊಸದನ್ನು ಏರಿಸಬಹುದೆಂದು ಬರೆದಿರಿ. ಹಳೆಯದರ ಮಾರಾಟ ನಿಂತು ಎಂಟು ವರ್ಷವಾಯಿತೆಂದೂ ಅದೇ ಪತ್ರದಲ್ಲಿ ಬರೆದಿರಿ. ಇಂಥ ನಿಯಮ ನಮಗೇ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಇನ್ನು ಮುಂದೆ ಬೊಚ್ಚುಬಾಯಿಯ ಅಜ್ಜ ಹೊಸ ಸೆಟ್ ಬೇಕೆಂದು ಬಂದರೆ, ಹಿಂದಿದ್ದ ಮೂವತ್ತೆರಡೂ ಅಸಲಿಯೆಂಬುದಕ್ಕೆ ಒಸಡಿನ ಮೇಲೆ ಚೀಟಿ ಇದೆಯೇ ಎಂದು ನೋಡುತ್ತೇವೆ. ಇಲ್ಲವಾದರೆ ಮೊದಲು ಹಾಲುಹಲ್ಲು ಬರಿಸಿಕೊಂಡು ಬನ್ನಿ ಎನ್ನುತ್ತೇವೆ.

ಆದರೆ ತಮ್ಮ ಕೊನೆಯ ಪತ್ರ ಓದಿ ನಗು ಬರಲಿಲ್ಲ. ಚೀಟಿ ಅಳಿಸಿದ ಹೊಣೆಗಾರರ ಹೆಸರನ್ನೂ ಅವರ ಮೇಲೆ ಕೈಗೊಂಡ ಕ್ರಮವನ್ನೂ ತಿಳಿಸಿದರೆ ಅರ್ಜಿಯನ್ನು ಮರುಪರಿಶೀಲಿಸುವುದಾಗಿ ಹೇಳಿದ್ದೀರಿ. ನಮ್ಮ ಮಾಲೀಕರು ಕೆಟ್ಟವರಲ್ಲ, ಹೆದರಿದವರು. "ಅಕ್ಕನ ಹೆಸರು ಬರೆದುಬಿಡಪ್ಪ, ಮುಂದಿನ ತಿಂಗಳಿಂದ ಬೇರೆಯವರನ್ನ ನೋಡೋಣ" ಎಂದರು. ಅಕ್ಕನಿಗೆ ಗೊತ್ತಾದಾಗ ಅವರು ನನ್ನ ಮೇಜಿನ ಹತ್ತಿರ ಬಂದು, "ಧೂಳಿತ್ತು, ಒರೆಸಿದೆ. ಒರೆಸಬೇಡ ಅಂತ ಯಾರಾದ್ರೂ ಹೇಳಿದ್ರಾ?" ಎಂದಷ್ಟೇ ಕೇಳಿದರು. ಯಾರೂ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಆದ್ದರಿಂದ ತಾವೇ ಒಮ್ಮೆ ದಯಮಾಡಿಸಿ, ಕಂಪ್ಯೂಟರುಗಳನ್ನೇ ನೇರವಾಗಿ ವಿಚಾರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಒಳಗಿರುವುದು ಅಸಲಿಯೆಂದು ಅವೇ ಪರದೆಯ ಮೇಲೆ ಹೇಳಿಕೊಳ್ಳುತ್ತವೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಸ್ಪಿರಿಟ್ಟಿಗೂ ಅಳಿಯದ ಶಾಯಿಯನ್ನು ಕಂಡುಹಿಡಿದು, ಒಂಬತ್ತು ವರ್ಷ ಹಿಂದಕ್ಕೆ ಹೋಗಿ ಹಚ್ಚಿಬನ್ನಿ.

ಇನ್ನೂ ಪರಿಶೀಲನೆಯಲ್ಲಿಯೇ ಇರುವ
ತಮ್ಮ ವಿಶ್ವಾಸಿ,
ಹಲ್ಲಿನ ಕಾರ್ಯಾಗಾರದ ಗುಮಾಸ್ತ

ಬರೆಯಲು ಮರೆತದ್ದು: ತಮ್ಮ ಹನ್ನೊಂದನೆಯ ನಿಯಮದಂತೆ ಐದಕ್ಕಿಂತ ಕಡಿಮೆಯಿದ್ದರೆ ಯಾವುದೂ ಸಗಟು ಎನಿಸಿಕೊಳ್ಳುವುದಿಲ್ಲ. ಒಂದೇ ಒಂದು ಹೆಸರು ಕಳಿಸಿ ತಮಗೆ ಮುಜುಗರ ಮಾಡುವುದು ಬೇಡವೆಂದು, ಹೊಣೆಗಾರರ ಕಾಲಂನಲ್ಲಿ ನಾವು ಏಳು ಜನ ಸಹಿ ಹಾಕಿದ್ದೇವೆ. ಏಳನೆಯದು ಮಾಲೀಕರದು, ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿಟ್ಟು ಬಂದು ಹಾಕಿದರು. ಅಕ್ಕನ ಹೆಸರು ಅದರಲ್ಲಿಲ್ಲ. ಏಳು ಜನರನ್ನು ಒಟ್ಟಿಗೆ ಕೆಲಸದಿಂದ ತೆಗೆಸುವುದಕ್ಕೆ ಯಾವ ದರ್ಜೆಯ ಪರವಾನಗಿ ಬೇಕೆಂಬುದನ್ನು ಮರುಟಪಾಲಿನಲ್ಲಿ ತಿಳಿಸಿ.